ರೊವೀನಾ ಹೇಳದೆ ಬಂದ ಮಾತು

ಇದನ್ನು ಈಗ ಬರೆಯಬಹುದು. ಡಾಕ್ಟರ್ ಡೀ ಗುಡ್ಡದ ಮೇಲಿನ ಸ್ಮಶಾನದಲ್ಲಿ ನಮ್ಮವರ ನಡುವೆಯೇ ಮಲಗಿದ್ದಾರೆ. ಮುದುಕ ಆರ್ವಿಲ್ ಅವರಿಗಿಂತ ಮೊದಲೇ ಹೋದ. ಆಸ್ಪತ್ರೆಯಲ್ಲಿ ಐಸಿಯು ಇದ್ದ ಕೋಣೆಯಲ್ಲಿ ಈಗ ಮುರಿದ ಮಂಚಗಳನ್ನೂ ಕ್ರಿಸ್‌ಮಸ್‌ಗೆ ನಿಲ್ಲಿಸುವ ಪ್ಲಾಸ್ಟಿಕ್ ಮರವನ್ನೂ ಪೇರಿಸಿಟ್ಟಿದ್ದಾರೆ. ಈ ಮಾತಿನಿಂದ ಇನ್ನು ಯಾರಿಗೂ ಕೆಡುಕಾಗುವುದಿಲ್ಲ. ಆಗಬೇಕಾದವಳಿಗೆ ಆಗಿಹೋಗಿದೆ. ಅವಳು ನನ್ನ ಹೆಂಡತಿ ರೊವೀನಾ.

ನಾನು ಕೆಟ್ಟುನಿಂತ ಗಾಡಿಗಳನ್ನು ಎಳೆದು ತರುವವನು. ಕೆಂಟಕಿಯ ಈ ಗುಡ್ಡಗಳ ನಡುವಿನ ರಸ್ತೆಗಳು ಹೇಗಿವೆಯೆಂದರೆ ನನಗೆ ಕೆಲಸ ತಪ್ಪುವುದೇ ಇಲ್ಲ. ಕಲ್ಲಿದ್ದಲ ಗಣಿಗಳು ಮುಚ್ಚಿದ ಮೇಲೆ ನಮ್ಮೂರಲ್ಲಿ ಉಳಿದದ್ದು ಒಂದು ಶಾಲೆ, ಒಂದು ಜೈಲು, ಒಂದು ಆಸ್ಪತ್ರೆ. ರೊವೀನಾ ಆ ಆಸ್ಪತ್ರೆಯ ಐಸಿಯುನಲ್ಲಿ ಹದಿನೈದು ವರ್ಷ ನರ್ಸಾಗಿದ್ದಳು. ನಾಲ್ಕೇ ಮಂಚದ ಐಸಿಯು. ತೀರಾ ಕಷ್ಟದ ರೋಗಿಗಳನ್ನು ಹೆಲಿಕಾಪ್ಟರ್ ಬಂದು ದೊಡ್ಡ ಊರಿಗೆ ಎತ್ತಿಕೊಂಡು ಹೋಗುತ್ತಿತ್ತು. ಮಂಜು ಕವಿದಿದ್ದರೆ ಅದೂ ಬರುತ್ತಿರಲಿಲ್ಲ. ಆಗ ರೊವೀನಾ ಇದ್ದಳು, ದೇವರಿದ್ದ.

ಅವಳು ಮೊದಲಿನಿಂದ ನರ್ಸಲ್ಲ. ನಾನು ಕಂಡಾಗ ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂತಿದ್ದಳು. ನಮ್ಮ ಮಗಳು ಹುಟ್ಟುವಾಗ ಹೊಟ್ಟೆ ಕೊಯ್ಯಬೇಕಾಯಿತು. ಅವತ್ತು ಅವಳ ತಲೆಯ ಹತ್ತಿರ ಕೂತವರು ವರ್ಲಿನ್ ಸ್ಟಂಬೊ. ನಮ್ಮಂಥ ಊರಿಗೆ ಅನಸ್ತೇಷಿಯಾ ಕೊಡಲು ಅಂತ ಯಾವ ಡಾಕ್ಟರೂ ಬರುವುದಿಲ್ಲ. ಅದನ್ನೇ ಬೇರೆಯಾಗಿ ಓದಿ ಬಂದ ನರ್ಸುಗಳು ಆ ಕೆಲಸ ಮಾಡುತ್ತಾರೆ. ವರ್ಲಿನ್ ಅಂಥವರು. ಮೀನು ಹಿಡಿಯುವವರ ಹಾಗೆ ಅಲ್ಲಾಡದೆ ಕೂತು, ಮೆಲ್ಲಗೆ ಏನೋ ಗುನುಗುತ್ತ, ಅವಳ ಹಣೆಯ ಮೇಲೆ ಕೈಯಿಟ್ಟುಕೊಂಡೇ ಇದ್ದರಂತೆ. "ಅಲ್ಲಿದ್ದ ಎಲ್ಲರೂ ನನ್ನ ಹೊಟ್ಟೆ ನೋಡ್ತಿದ್ರು ಕಣೋ ಕರ್ಟಿಸ್. ಅವರೊಬ್ಬರೇ ನನ್ನ ಮುಖ ನೋಡ್ತಾ ಕೂತಿದ್ದದ್ದು" ಎಂದು ಅವಳು ಎಷ್ಟು ಸಲ ಹೇಳಿದ್ದಾಳೋ. ಮಗಳಿಗೆ ನಡೆಯಲು ಬರುವ ಹೊತ್ತಿಗೆ ಇವಳು ನರ್ಸಿಂಗ್ ಓದಲು ಸೇರಿದ್ದಳು. ಮನಸ್ಸಿನಲ್ಲಿ ಇದ್ದದ್ದು ಮಾತ್ರ ವರ್ಲಿನ್ ಕೂತಿದ್ದ ಆ ಸ್ಟೂಲು.

ಆದರೆ ಸ್ಟೂಲು ದೂರವಿತ್ತು. ಮಗಳು ಬೆಳೆಯಬೇಕಿತ್ತು, ನನ್ನ ಬೆನ್ನಿನ ಆಪರೇಷನ್ನು ಆಗಬೇಕಿತ್ತು, ಹೊಳೆ ಬಂದು ಮನೆ ಹೊಕ್ಕ ವರ್ಷ ಅದನ್ನು ತೊಳೆಯಬೇಕಿತ್ತು. ಮಗಳು ಮದುವೆಯಾಗಿ ಟೆನೆಸಿಗೆ ಹೋದ ಮೇಲೆ ಒಂದು ದಿನ ವರ್ಲಿನ್ ಅವಳನ್ನು ಕರೆದು, ತಾನಿನ್ನು ಹೆಚ್ಚು ದಿನ ಈ ಕೆಲಸ ಮಾಡುವವನಲ್ಲ, ತನ್ನ ಜಾಗಕ್ಕೆ ಹೊರಗಿನವರು ಯಾರೂ ಬರುವುದಿಲ್ಲ, ನೀನು ಹೋಗಿ ಕಲಿತು ಬಾ ಎಂದರು. ಅವಳಿಗೆ ಆಗ ನಲವತ್ತು ದಾಟಿತ್ತು. ಮನೆಗೆ ಬಂದು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತೇ ಇದನ್ನು ಹೇಳಿದಳು. ನಾನು, ಹಾಗಾದರೆ ಹೋಗು ಅಂದೆ. ಇನ್ನೇನು ಹೇಳಲಿ?

ಅನಸ್ತೇಷಿಯಾ ಕಲಿಸುವ ದೊಡ್ಡ ಊರಿನ ಶಾಲೆಗೆ ಸೇರುವುದು ಸುಮ್ಮನೆ ಅಲ್ಲ. ಬೇಕಾದಷ್ಟು ಜನ ಅರ್ಜಿ ಹಾಕುತ್ತಾರೆ, ಕೈಬೆರಳ ಲೆಕ್ಕದಷ್ಟು ಜನರನ್ನು ತೆಗೆದುಕೊಳ್ಳುತ್ತಾರೆ. ಮೊದಲು ಐಸಿಯುನಲ್ಲಿ ದುಡಿದಿರಬೇಕು, ಅದೂ ಯಾವುದೋ ಕಾಲದಲ್ಲಿ ಅಲ್ಲ, ಅರ್ಜಿ ಹಾಕುವ ಹೊತ್ತಿಗೂ ದುಡಿಯುತ್ತಿರಬೇಕು. ಹಳೇ ಕಾಲೇಜಿನ ಅಂಕ ಚೆನ್ನಾಗಿರಬೇಕು. ರೊವೀನಾಗೆ ಕೆಮಿಸ್ಟ್ರಿಯಲ್ಲಿ ಕಡಿಮೆ ಬಂದಿತ್ತು, ಆ ವರ್ಷ ಮಗಳಿಗೆ ಕಿವಿಸೋರಿಕೆ. ಅದನ್ನೇ ಮತ್ತೆ ಓದಿ ಬರೆದಳು. ರಜೆಯ ದಿನ ವರ್ಲಿನ್ ಪಕ್ಕ ನಿಂತು ಅವರು ಮಾಡುವುದನ್ನು ನೋಡಿದಳು. ಫ್ರಿಜ್ಜಿನ ಬಾಗಿಲಿಗೆ ಹೃದಯದ ಚಿತ್ರ ಅಂಟಿಸಿದಳು. ಹಾಲು ತೆಗೆಯಲು ಹೋದರೆ ರಕ್ತನಾಳ. ನಾನು ಔಷಧಿಗಳ ಹೆಸರು ಬರೆದ ಚೀಟಿ ಹಿಡಿದು ಕೇಳುವುದು, ಅವಳು ಉತ್ತರ ಹೇಳುವುದು. ಹತ್ತನೇ ತರಗತಿಗೆ ಶಾಲೆ ಬಿಟ್ಟವನ ಬಾಯಲ್ಲಿ ಆ ಹೆಸರುಗಳು ಬರುತ್ತಿದ್ದ ಬಗೆ ಕೇಳಿ ಅವಳು ಮೇಜಿಗೆ ತಲೆಯಿಟ್ಟು ನಗುತ್ತಿದ್ದಳು. ಆ ನಗು ಕೇಳಿ ಈಗ ಬಹಳ ಕಾಲವಾಯಿತು.

ಊರಿನವರು ಬಿಡುತ್ತಾರೆಯೇ? ಚರ್ಚಿನ ಊಟದಲ್ಲಿ ಅವಳ ಅಣ್ಣ ಡೆಲ್ಬರ್ಟ್ ಕೋಳಿ ಕಾಲು ಕಚ್ಚುತ್ತ ಎಲ್ಲರಿಗೂ ಕೇಳುವಂತೆ ಹೇಳಿದ: "ಜನರನ್ನ ನಿದ್ದೆ ಮಾಡಿಸೋದಕ್ಕೆ ಮೂರು ವರ್ಷ ಓದಬೇಕಂತೆ ನಮ್ಮ ತಂಗಿ. ನಮ್ಮ ಪಾದ್ರಿಗಳು ಓದದೇನೇ ಪ್ರತಿ ಭಾನುವಾರ ಮಾಡ್ತಾ ಇಲ್ವಾ?" ಪಾದ್ರಿಯೂ ನಕ್ಕರು. ರೊವೀನಾ, "ಅವರು ಮಲಗಿಸ್ತಾರೆ ಕಣಣ್ಣ, ಎಬ್ಬಿಸೋದು ಕಲೀಬೇಕಲ್ಲ" ಎಂದಳು.

ಅರ್ಜಿ ಕಳಿಸಿದ್ದ ಬೇಸಿಗೆಯಲ್ಲೇ ಆ ಭಾನುವಾರ ಬಂತು.

ಡಾಕ್ಟರ್ ಡೀ ಯಾರೆಂದು ಹೇಳಬೇಕು. ಅವರ ಹೆಸರು ದಿಮಾಯುಗ. ಅದು ನಮ್ಮ ನಾಲಿಗೆಗೆ ಹೊರಳಲಿಲ್ಲ, ಡೀ ಆಯಿತು. ಫಿಲಿಪೀನ್ಸಿನಿಂದ ಎಳೆಯ ಡಾಕ್ಟರಾಗಿ ಬಂದವರು. ಅಂಥವರು ಬಹಳ ಜನ ಬರುತ್ತಾರೆ, ಈ ದೇಶದಲ್ಲಿ ಉಳಿಯುವ ಕಾಗದಪತ್ರ ಸರಿಯಾದ ಕೂಡಲೇ ದೊಡ್ಡ ಊರಿಗೆ ಹೋಗುತ್ತಾರೆ. ಇವರು ಹೋಗಲಿಲ್ಲ. ಗುಡ್ಡದ ಬದಿಯಲ್ಲಿ ಮನೆ ಮಾಡಿದರು, ಟೊಮ್ಯಾಟೊ ಬೆಳೆದರು, ನಮ್ಮ ಹಾಗೇ ಎಳೆದು ಮಾತಾಡಲು ಕಲಿತರು. ಐಸಿಯು ನೋಡಿಕೊಳ್ಳಲು ಇದ್ದದ್ದು ಅವರೊಬ್ಬರೇ. ಹಿಂದಿನ ಚಳಿಗಾಲದಿಂದ ಅವರ ಕೈ ನಡುಗಲು ಶುರುವಾಗಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಎಲ್ಲರಿಗೂ ಕಾಣುತ್ತಿತ್ತು. ಯಾರೂ ಬಾಯಿಬಿಡಲಿಲ್ಲ. ಬಿಟ್ಟರೆ ಮೇಲಿನವರು ಬಂದು ಅವರನ್ನು ಮನೆಗೆ ಕಳಿಸುತ್ತಾರೆ, ಆಮೇಲೆ ನಮಗೆ ಯಾರು?

ಆ ಭಾನುವಾರ ಮಧ್ಯಾಹ್ನ ಮುದುಕ ಆರ್ವಿಲ್‌ನನ್ನು ತಂದಿದ್ದರು. ಗಣಿಯ ದೂಳು ತಿಂದ ಶ್ವಾಸಕೋಶ. ಉಸಿರು ಸಾಲದೆ ಅವನಿಗೆ ಜೊಂಪು ಹತ್ತುತ್ತಿತ್ತು. ಡಾಕ್ಟರು, ಮುಖಕ್ಕೆ ಗಾಳಿಯ ಮಾಸ್ಕ್ ಇದೆಯಲ್ಲ, ನಾಳೆಯವರೆಗೆ ನೋಡೋಣ ಎಂದರು. ರೊವೀನಾ, "ನಾಳೆ ತನಕ ಇರೋದಿಲ್ಲ ಡಾಕ್ಟ್ರೇ. ಈಗಲೇ ಗಂಟಲಿಗೆ ಕೊಳವೆ ಇಳಿಸಬೇಕು" ಎಂದಳು.

"ಇಲ್ಲಿ ಡಾಕ್ಟರು ನಾನೋ ನೀನೋ?"

"ನೀವೇ. ಅದಕ್ಕೇ ನಿಮಗೆ ಹೇಳ್ತಿರೋದು."

ಹೊರಗೆ ನಡಿ ಎಂದರಂತೆ. ಅವಳು ಹೋಗಲಿಲ್ಲ. ಮಂಚದ ತಲೆಭಾಗಕ್ಕೆ ಹೋಗಿ ನಿಂತು, ಕೈಯಿಂದ ಉಸಿರು ಒತ್ತುವ ಚೀಲ ತೆಗೆದುಕೊಂಡು ಒತ್ತತೊಡಗಿದಳು. ಜೊತೆಯಲ್ಲಿದ್ದ ನರ್ಸಿಗೆ, ವರ್ಲಿನ್‌ಗೆ ಫೋನ್ ಮಾಡು ಎಂದಳು. ಡಾಕ್ಟರು ಕೂಗಾಡಿದರು. ನಾಳೆಯಿಂದ ನಿನಗೆ ಈ ಆಸ್ಪತ್ರೆಯಲ್ಲಿ ಕೆಲಸವಿಲ್ಲ ಎಂದರು. ಅವಳು ಒತ್ತುತ್ತಲೇ ಇದ್ದಳು. ವರ್ಲಿನ್ ಚರ್ಚಿನ ಊಟ ಅರ್ಧಕ್ಕೇ ಬಿಟ್ಟು, ಟೈ ಮೇಲೆ ಗ್ರೇವಿ ಮೆತ್ತಿಕೊಂಡೇ ಬಂದು ಕೊಳವೆ ಇಳಿಸಿದರು. ಡಾಕ್ಟರು ಗೋಡೆಗೆ ಒರಗಿ, ಎರಡೂ ಕೈ ಕೋಟಿನ ಜೇಬಲ್ಲಿಟ್ಟುಕೊಂಡು ನಿಂತಿದ್ದರು. ಯಾರೂ ಅವರ ಕಡೆ ನೋಡಲಿಲ್ಲ. ಆರ್ವಿಲ್ ಬದುಕಿದ. ಎಲೆ ಉದುರುವವರೆಗೆ ಮನೆಯ ಜಗಲಿಯಲ್ಲಿ ಕೂತು ದಾರಿಹೋಕರನ್ನೆಲ್ಲ ಬೈಯುತ್ತಿದ್ದ.

ಕೆಲವು ದಿನ ಡಾಕ್ಟರು ರೊವೀನಾಳ ಜೊತೆ ಮಾತಾಡಲಿಲ್ಲ. ಆಮೇಲೊಂದು ಸಂಜೆ ಅವಳು ಕೆಲಸ ಮುಗಿಸಿ ಬಂದರೆ ಗಾಡಿಯ ಸೀಟಿನ ಮೇಲೆ ಒಂದು ಕಾಗದದ ಚೀಲ. ತುಂಬ ಹಣ್ಣು ಟೊಮ್ಯಾಟೊ.

ನಮ್ಮಲ್ಲಿ ಜಗಳ ಮುಗಿಯುವುದು ಹೀಗೆ. ತಪ್ಪಾಯಿತು ಅಂತ ಯಾರೂ ಬಾಯಲ್ಲಿ ಹೇಳುವುದಿಲ್ಲ. ತೋಟದ್ದು ಏನಾದರೂ ತಂದು ಇಟ್ಟು ಹೋಗುತ್ತಾರೆ. ಬೇಡವಾದರೆ ಅದನ್ನು ಅವರ ಬಾಗಿಲಲ್ಲಿ ವಾಪಸ್ ಇಡಬೇಕು. ತಿಂದರೆ ಮುಗಿಯಿತು. ತಿಂದ ಮೇಲೆ ಆ ಮಾತು ಎತ್ತುವಂತಿಲ್ಲ, ಮನೆಯೊಳಗೆ ಗಂಡ ಹೆಂಡತಿ ನಡುವೆಯೂ ಇಲ್ಲ, ಹೊರಗಿನವರ ಮುಂದಂತೂ ಇಲ್ಲವೇ ಇಲ್ಲ. ಎತ್ತಿದವನ ಮನೆಯಿಂದ ಆಮೇಲೆ ಯಾರೂ ಒಂದು ಈರುಳ್ಳಿಯನ್ನೂ ತೆಗೆದುಕೊಳ್ಳುವುದಿಲ್ಲ. ನಾವು ಆ ಟೊಮ್ಯಾಟೊಗಳನ್ನು ಉಪ್ಪು ಹಾಕಿ ಬ್ರೆಡ್ಡಿನ ನಡುವೆ ಇಟ್ಟು ತಿಂದೆವು. ಅಲ್ಲಿಂದ ಮುಂದೆ ಕೊಳವೆ ಇಳಿಸುವುದಿದ್ದರೆ ಡಾಕ್ಟರೇ ವರ್ಲಿನ್‌ನನ್ನು ಕರೆಸುತ್ತಿದ್ದರು. ಎಲ್ಲ ಸರಿಹೋಗಿತ್ತು.

ಸೆಪ್ಟೆಂಬರ್‌ನಲ್ಲಿ ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂತು. ನಾನೇ ಕರೆದುಕೊಂಡು ಹೋದೆ. ಅವಳು ಮಗಳ ಮದುವೆಗೆ ಹೊಲಿಸಿದ್ದ ನೀಲಿ ಕೋಟು ಹಾಕಿದ್ದಳು. ಗುಡ್ಡ ಇಳಿದು ಬಯಲು ಬರುವವರೆಗೂ ಬಾಯೊಳಗೆ ಏನೇನೋ ಹೇಳಿಕೊಳ್ಳುತ್ತಿದ್ದಳು, ಬಯಲು ಬಂದ ಮೇಲೆ ಸುಮ್ಮನಾದಳು. ಅಲ್ಲಿ ಬಂದಿದ್ದ ಉಳಿದವರೆಲ್ಲ ನಮ್ಮ ಮಗಳ ವಯಸ್ಸಿನವರು. ಹಾಸ್ಟೆಲಿನ ಗೆಳೆಯರ ಹಾಗೆ ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದರು. ಒಬ್ಬ ಹುಡುಗ ಇವಳನ್ನು ಅಲ್ಲಿಯ ಗುಮಾಸ್ತೆ ಅಂದುಕೊಂಡು, ನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದ. ನನಗೆ ರೇಗಿತು. ಅವಳು ನನ್ನ ಮೊಣಕೈ ಹಿಡಿದು ಅದುಮಿ, ನೀರಿನ ಕಡೆ ಅವನಿಗೆ ಕೈ ತೋರಿಸಿ ಒಳಗೆ ಹೋದಳು.

ಹೊರಗೆ ಬಂದಾಗ ಅವಳ ಮುಖ ನೋಡಿ ನಾನು ಗಾಡಿಯ ಬಾಗಿಲು ತೆರೆದೆ. ಗಾಡಿಯಲ್ಲಿ ಅರ್ಧ ದಾರಿ ಬಂದ ಮೇಲೆ ಅವಳಾಗಿಯೇ ಹೇಳಿದಳು. ಮೂರು ಜನ ಕೂತಿದ್ದರಂತೆ. ಹೃದಯದ್ದು ಕೇಳಿದರು, ಹೇಳಿದಳು. ಔಷಧಿಗಳದ್ದು ಕೇಳಿದರು, ಹೇಳಿದಳು. ಅವರಲ್ಲಿ ಬಿಳಿಕೂದಲ ಹೆಂಗಸೊಬ್ಬಳು, ಆ ಶಾಲೆಯ ಮುಖ್ಯಸ್ಥೆ, ಪ್ರತಿ ಉತ್ತರಕ್ಕೂ ತಲೆಯಾಡಿಸುತ್ತಿದ್ದಳು. ಆಮೇಲೆ ಅವಳೇ ಕೇಳಿದಳು: ಡಾಕ್ಟರ ಮಾತು ನಿಮಗೆ ಒಪ್ಪಿಗೆಯಾಗದೆ, ರೋಗಿಗೋಸ್ಕರ ನೀವು ಎದುರು ನಿಂತ ಒಂದು ಸಂದರ್ಭ ಹೇಳಿ.

"ಏನು ಹೇಳಿದೆ?" ಎಂದೆ.

"ಅಂಥದ್ದು ಆಗಿಲ್ಲ ಅಂದೆ."

ನಾನು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಲಾರಿಯೊಂದು ಹಾರ್ನ್ ಹಾಕುತ್ತ ಹೋಯಿತು.

"ರೋ, ನೀನು ಆರ್ವಿಲ್‌ದು..."

"ಅದು ಮುಗಿದ ಮಾತು" ಎಂದಳು. "ತಿಂದಿದೀವಿ."

"ಆ ಶಾಲೆಯವರೇನು ನಮ್ಮೂರವರಾ? ಹೆಸರು ಹೇಳಬೇಡ. ಒಬ್ಬ ಡಾಕ್ಟರು ಅನ್ನು."

"ನಮ್ಮ ಐಸಿಯುಗೆ ಇರೋದೇ ಒಬ್ಬರು ಡಾಕ್ಟರು ಕರ್ಟಿಸ್. ಊರ ಹೆಸರು ಅರ್ಜಿ ಮೇಲೇ ಇದೆ. ಡಾಕ್ಟರು ಯಾಕೆ ಕಾಯೋಣ ಅಂದ್ರು ಅಂತ ಶಾಲೆಯವರು ಕೇಳೇ ಕೇಳ್ತಾರೆ. ಆಗ ಕೈ ನಡುಗೋದು ಹೇಳಬೇಕು. ಹೇಳಿದ್ರೆ ಅವರು ಸುಮ್ಮನೆ ಕೂರೋ ಹಾಗಿಲ್ಲ, ಎಲ್ಲಿಗೆ ತಿಳಿಸಬೇಕೋ ತಿಳಿಸ್ತಾರೆ."

ಬೇರೆ ಏನಾದರೂ ಹೇಳಬಹುದಿತ್ತಲ್ಲ, ಹದಿನೈದು ವರ್ಷದಲ್ಲಿ ಇನ್ನೊಂದು ಇರಲಿಲ್ಲವೇ ಎಂದು ಕೂಗಿದೆ. ಇತ್ತಂತೆ. ಇಂಥ ಪ್ರಶ್ನೆ ಬರುತ್ತದೆಂದು ವರ್ಲಿನ್ ಮೊದಲೇ ಹೇಳಿ, ಯಾವುದೋ ಸಣ್ಣದೊಂದನ್ನು ಕಲಿಸಿಯೂ ಇದ್ದರಂತೆ. ಆದರೆ ಆ ಹೆಂಗಸು ಕೇಳಿದ ಕ್ಷಣ ಆ ಭಾನುವಾರವೇ ಬಂದು ಬಾಗಿಲಿಗೆ ಅಡ್ಡ ನಿಂತಿತು, ಬೇರೆ ಯಾವುದನ್ನೂ ಹೊರಗೆ ಬಿಡಲಿಲ್ಲ. ಅವರು ಮತ್ತೆ ಬೇರೆ ಬಗೆಯಲ್ಲಿ ಕೇಳಿದರು. ನಮ್ಮ ಡಾಕ್ಟರು ಒಳ್ಳೆಯವರು ಎಂದಳು. ಬಿಳಿಕೂದಲಿನವಳು ಮುಂದಕ್ಕೆ ಬಾಗಿ, ಬಹಳ ಮೆತ್ತಗೆ, ಇಷ್ಟು ವರ್ಷದಲ್ಲಿ ಒಂದೂ ಇಲ್ಲವೇ ಎಂದಳು. ಇಲ್ಲ ಎಂದಳು ಇವಳು.

"ನಾನು ಸುಳ್ಳು ಹೇಳ್ತಿದೀನಿ ಅಂತ ಅವಳಿಗೆ ಗೊತ್ತಾಯ್ತು" ಎಂದಳು ರೊವೀನಾ. "ಯಾಕೆ ಅಂತ ಗೊತ್ತಾಗಲಿಲ್ಲ."

ನಾನು ಸ್ಟಿಯರಿಂಗಿಗೆ ಗುದ್ದಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಅಕ್ಟೋಬರ್‌ನಲ್ಲಿ ಸೀಟು ಇಲ್ಲವೆಂದು ಕಾಗದ ಬಂತು. ಯಾಕೆ ಇಲ್ಲ ಎಂದು ಅವರು ಬರೆಯುವುದಿಲ್ಲ, ವಂದನೆ ಬರೆಯುತ್ತಾರೆ. ಆದರೆ ಆ ಬಿಳಿಕೂದಲಿನವಳು ಫೋನ್ ಮಾಡಿದಳು. ಮಾಡಬೇಕಿರಲಿಲ್ಲ. ರೊವೀನಾ ಬೀನ್ಸ್ ಕಾಳು ತೊಳೆದು ಆರಿಸುತ್ತಿದ್ದಳು, ಕೈ ಒದ್ದೆಯಿದ್ದದ್ದಕ್ಕೆ ಫೋನನ್ನು ಮೇಜಿನ ಮೇಲಿಟ್ಟು ದೊಡ್ಡದಾಗಿ ಕೇಳುವಂತೆ ಮಾಡಿದಳು. ಹಾಗಾಗಿ ನಾನೂ ಕೇಳಿದೆ. ನಿಮ್ಮ ಓದು ಚೆನ್ನಾಗಿದೆ, ವರ್ಲಿನ್ ಅವರು ನಿಮ್ಮ ಬಗ್ಗೆ ಬರೆದದ್ದನ್ನೂ ಗಮನಿಸಿದೆವು ಎಂದಳು ಆಕೆ. ಆಮೇಲೆ ಹೇಳಿದಳು: "ಆಪರೇಷನ್ ಕೋಣೇಲಿ ರೋಗಿಯ ತಲೆ ಹತ್ರ ನೀವೊಬ್ಬರೇ ಇರ್ತೀರಿ. ಸರ್ಜನ್ ಕೂಗಾಡ್ತಿರ್ತಾನೆ. ಆಗ ಆಗೋದಿಲ್ಲ ಅಂತ ಹೇಳೋ ಧೈರ್ಯ ಬೇಕು. ಅದು ನಮಗೆ ನಿಮ್ಮಲ್ಲಿ ಕಾಣಲಿಲ್ಲ. ಅದನ್ನ ಬೆಳೆಸಿಕೊಂಡು ಮುಂದಿನ ವರ್ಷ ಬನ್ನಿ."

ರೊವೀನಾ, "ತುಂಬ ಉಪಕಾರ ಆಯ್ತಮ್ಮ" ಎಂದಳು. ಫೋನ್ ಇಟ್ಟು, ಕಾಳಿನಲ್ಲಿದ್ದ ಕಲ್ಲೊಂದನ್ನು ಆರಿಸಿ ತೆಗೆದಳು.

ಮುಂದಿನ ವರ್ಷ ಎಲ್ಲಿದೆ? ಅದೇ ವಾರ ಆಸ್ಪತ್ರೆಯವರು ಎಲ್ಲರನ್ನೂ ಊಟದ ಕೋಣೆಯಲ್ಲಿ ಸೇರಿಸಿ, ಹೊಸ ವರ್ಷದಿಂದ ಐಸಿಯು ಮುಚ್ಚುತ್ತೇವೆ ಎಂದಿದ್ದರು. ಐಸಿಯು ಇಲ್ಲದೆ ಅರ್ಜಿ ಇಲ್ಲ. ದೊಡ್ಡ ಊರಿಗೆ ಹೋಗೋಣ, ಅಲ್ಲಿ ಐಸಿಯು ಸೇರು, ನಾನು ಅಲ್ಲೇ ಗಾಡಿ ಎಳೆಯುತ್ತೇನೆ ಎಂದೆ. ಅವಳು ಯೋಚಿಸದೇ ಇರಲಿಲ್ಲ. ಅಲ್ಲಿ ಹೊಸಬಳಾಗಿ ಮೊದಲಿಂದ ಶುರು ಮಾಡಬೇಕು, ಆಮೇಲೆ ಮತ್ತೆ ಅರ್ಜಿ, ಸಿಕ್ಕರೆ ಆಮೇಲೆ ಮೂರು ವರ್ಷ. ಅಷ್ಟರಲ್ಲಿ ಐವತ್ತು ಎಂದಳು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಹೇಳಿದಳು: "ಅವರು ಮತ್ತೆ ಅದನ್ನೇ ಕೇಳ್ತಾರೆ. ನಾನು ಮತ್ತೆ ಅದನ್ನೇ ಹೇಳ್ತೀನಿ."

ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಮರುದಿನ ಮಧ್ಯಾಹ್ನ ಡಾಕ್ಟರ ಮನೆಗೆ ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ನಿಮ್ಮ ಕೈಯನ್ನು ಜೇಬಲ್ಲಿ ಇಟ್ಟುಕೊಳ್ಳಲು ನನ್ನ ಹೆಂಡತಿ ತನ್ನ ಬದುಕು ಕೊಟ್ಟಳು, ನಿಮಗೆ ಅದು ಗೊತ್ತೇ ಎಂದು ಕೇಳಬೇಕು. ಶಾಲೆಯವರಿಗೆ ನೀವೇ ಫೋನ್ ಮಾಡಿ ಹೇಳಿ ಎನ್ನಬೇಕು. ಡಾಕ್ಟರೇ ಹೇಳಿದರೆ ಶಾಲೆಯವರು ಕೇಳಬಹುದಿತ್ತು. ಇನ್ನೂ ಹೊತ್ತು ಮೀರಿರಲಿಲ್ಲ.

ಡಾಕ್ಟರು ತೋಟದಲ್ಲಿದ್ದರು. ರಾತ್ರಿ ಹಿಮ ಬೀಳುತ್ತದೆಂದು ರೇಡಿಯೋದಲ್ಲಿ ಹೇಳಿದ್ದರು. ಅದಕ್ಕೇ ಗಿಡದಲ್ಲಿ ಉಳಿದ ಟೊಮ್ಯಾಟೊ ಕಾಯಿಗಳನ್ನೆಲ್ಲ ಬಿಡಿಸುತ್ತಿದ್ದರು. ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದುಕೊಂಡು ಒಂದೊಂದಾಗಿ ಬಿಡಿಸುತ್ತಿದ್ದರು. ಆದರೂ ಎರಡರಲ್ಲಿ ಒಂದು ಕೆಳಗೆ ಬೀಳುತ್ತಿತ್ತು. ನಾನು ಬೇಲಿಯ ಹತ್ತಿರ ನಿಂತೆ. ನಾನೂ ಆ ಹಣ್ಣು ಟೊಮ್ಯಾಟೊ ತಿಂದವನೇ.

"ಬಾ ಕರ್ಟಿಸ್" ಎಂದರು. "ರೊವೀನಾಳ ಶಾಲೆ ಏನಾಯ್ತಪ್ಪ?"

"ಆಗ್ಲಿಲ್ಲ ಡಾಕ್ಟ್ರೇ."

ಅವರು ಗಿಡದ ಕಡೆ ತಿರುಗಿ ಇನ್ನೊಂದು ಕಾಯಿ ಬಿಡಿಸಿದರು. ಕೇಳುತ್ತಾರೆ ಅಂದುಕೊಂಡೆ. ಯಾಕೆ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು, ಎಲ್ಲವನ್ನೂ ಅಲ್ಲೇ ಸುರಿದುಬಿಡುತ್ತಿದ್ದೆ. ಅವರು ಕೇಳಲಿಲ್ಲ. ಹೊಸಬರನ್ನು ಆರಿಸುವುದು ಅವರಿಗೆ ಗೊತ್ತಿಲ್ಲ ಬಿಡು ಎಂದೋ ಏನೋ ಹೇಳಿ, ಕಾಗದದ ಚೀಲವೊಂದಕ್ಕೆ ಕಾಯಿಗಳನ್ನು ತುಂಬತೊಡಗಿದರು. ಬಿದ್ದವುಗಳನ್ನು ಬಾಗಿ ಹೆಕ್ಕಲು ಹೋದರು. ನಾನು ಬೇಲಿ ದಾಟಿ ಹೋಗಿ ಹೆಕ್ಕಿಕೊಟ್ಟೆ. ಇನ್ನೇನು ಮಾಡಲಿ?

ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದರು. ಚೀಲ ಸರಸರ ಅಲ್ಲಾಡುತ್ತಿತ್ತು. ತೆಗೆದುಕೊಂಡರೆ ಮುಗಿಯಿತೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತೆಂದು ಇವತ್ತಿಗೂ ನನ್ನ ಎಣಿಕೆ. ಬೇಡ ಅನ್ನಬಹುದಿತ್ತು. ಆ ಕೈಗಳನ್ನು ನೋಡಿಕೊಂಡು ಬೇಡ ಅನ್ನುವುದು ನನಗೆ ಬರಲಿಲ್ಲ. ತೆಗೆದುಕೊಂಡೆ. "ರೊವೀನಾಗೆ ಕೊಡು" ಎಂದರು. ಕೊಡುತ್ತೇನೆ ಎಂದೆ.

ಮನೆಗೆ ಬಂದಾಗ ರೊವೀನಾ ಫ್ರಿಜ್ಜಿನ ಬಾಗಿಲಿಂದ ಹೃದಯದ ಚಿತ್ರ ಬಿಡಿಸುತ್ತಿದ್ದಳು. ಅಂಟು ಒಂದು ಮೂಲೆಯಲ್ಲಿ ಬರದೆ ಉಗುರಿನಿಂದ ಕೆರೆಯುತ್ತಿದ್ದಳು. ಚೀಲ ನೋಡಿದಳು, ನಾನು ಎಲ್ಲಿಗೆ ಹೋಗಿದ್ದೆನೆಂದು ತಿಳಿಯಿತು.

"ಹೇಳಿದೆಯಾ?"

"ಇಲ್ಲ."

"ಸರಿ" ಎಂದಳು.

ಕಬ್ಬಿಣದ ಬಾಣಲೆ ಒಲೆಯ ಮೇಲಿಟ್ಟು ಕೊಬ್ಬು ಹಾಕಿದಳು. ಕಾಯಿಗಳನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿದಳು. ಅವಳ ಕೈ ಎಲ್ಲಿಯೂ ಅಲ್ಲಾಡಲಿಲ್ಲ. ವರ್ಲಿನ್ ಆ ಕೈಯನ್ನು ನೋಡಿಯೇ ಹೋಗಿ ಕಲಿತು ಬಾ ಅಂದದ್ದು. ಎರಡು ತಟ್ಟೆಗೆ ಹಾಕಿ ತಂದು ನನ್ನ ಎದುರು ಕೂತಳು. ನಾನು ಮೊದಲು ಮುಟ್ಟಲಿಲ್ಲ. ಅವಳು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ತಿನ್ನು ಕರ್ಟಿಸ್, ಆರಿಹೋಗುತ್ತೆ" ಎಂದಳು.

ಹುಳಿಯಾಗಿದ್ದವು. ತಟ್ಟೆಯಲ್ಲಿ ಒಂದೂ ಉಳಿಸದೆ ತಿಂದೆವು.